ಉಪ್ಪು ಕರಗುತ್ತದೆ, ಮೇಣವೂ ಕರಗುತ್ತದೆ: ಅಯಾನಿಕ ಮತ್ತು ಸಹವೇಲೆನ್ಸಿ ಸಂಯುಕ್ತಗಳ ಗುಣಗಳ ಬೋಧನೆ

ತರಗತಿ: ಹತ್ತು
ಪಾಠ: ರಾಸಾಯನಿಕ ಬಂಧ
ಅವಧಿ: 3 ಪೀರಿಯಡ್‌ಗಳು

ಪೀಠಿಕೆ

"ಉಪ್ಪು ನೀರಿನಲ್ಲಿ ಬೇಗನೆ ಕರಗುತ್ತದೆ, ಆದ್ದರಿಂದ ಅದರ ಕರಗುವ ಬಿಂದು ಕಡಿಮೆ."

ಉತ್ತರ ಪತ್ರಿಕೆಯಲ್ಲಿ ಇಂಥ ವಾಕ್ಯ ಕಂಡಾಗ ಅದಕ್ಕೆ ಅಡ್ಡಗೆರೆ ಎಳೆದು ಮುಂದೆ ಸಾಗುವುದು ಸುಲಭ. ಆದರೆ ಈ ತಪ್ಪು ಅಲಕ್ಷ್ಯದಿಂದ ಹುಟ್ಟಿದ್ದಲ್ಲ. ವಿದ್ಯಾರ್ಥಿಯು ತನಗೆ ತಿಳಿದ ಮಟ್ಟಿಗೆ ತರ್ಕಬದ್ಧವಾಗಿಯೇ ಯೋಚಿಸಿರುತ್ತಾನೆ; ಅವನನ್ನು ದಾರಿ ತಪ್ಪಿಸಿದುದು ಒಂದು ಪದ. ಕನ್ನಡದಲ್ಲಿ ಬಿಸಿಲಿಗೆ ಮಂಜುಗಡ್ಡೆ ಕರಗುತ್ತದೆ, ಉರಿಗೆ ಮೇಣ ಕರಗುತ್ತದೆ, ಅಕ್ಕಸಾಲಿಗನ ಮೂಸೆಯಲ್ಲಿ ಚಿನ್ನ ಕರಗುತ್ತದೆ. ಚಹಾದಲ್ಲಿ ಸಕ್ಕರೆಯೂ ಸಾರಿನಲ್ಲಿ ಉಪ್ಪೂ ಕರಗುತ್ತವೆ. ವಿಜ್ಞಾನವು ಇವನ್ನು ಎರಡು ಬೇರೆ ಬೇರೆ ಕ್ರಿಯೆಗಳೆಂದು ಪರಿಗಣಿಸುತ್ತದೆ. ಆಡುಮಾತು ಎರಡಕ್ಕೂ ಒಂದೇ ಕ್ರಿಯಾಪದವನ್ನು ಬಳಸುತ್ತದೆ. ಅಯಾನಿಕ ಮತ್ತು ಸಹವೇಲೆನ್ಸಿ ಸಂಯುಕ್ತಗಳ ವ್ಯತ್ಯಾಸವು ಬಹುಮಟ್ಟಿಗೆ ಈ ಎರಡು ಕ್ರಿಯೆಗಳ ವ್ಯತ್ಯಾಸವನ್ನೇ ಅವಲಂಬಿಸಿರುವುದರಿಂದ, ಪದದ ಗೊಂದಲ ತೊಲಗದೆ ಪಾಠ ನೆಲೆಗೊಳ್ಳುವುದಿಲ್ಲ.

ನಾರಾಯಣಪೇಟೆ, ಮಕ್ತಲ್, ಗದ್ವಾಲ್ ಭಾಗಗಳ ಕನ್ನಡ ಮಾಧ್ಯಮ ತರಗತಿಗಳಲ್ಲಿ ಈ ಸಮಸ್ಯೆಗೆ ಇನ್ನೊಂದು ಮುಖವಿದೆ. ಕನ್ನಡ ಅರ್ಥವಾಗಲಿಲ್ಲವೆಂದು ಶಿಕ್ಷಕರು ತೆಲುಗಿನಲ್ಲಿ ವಿವರಿಸಲು ಹೊರಟರೆ ಗೊಂದಲ ತಿಳಿಯಾಗದು. ಏಕೆಂದರೆ ತೆಲುಗಿನಲ್ಲಿಯೂ ಉಪ್ಪು 'ಕರುಗುತ್ತದೆ', ಮಂಜೂ 'ಕರುಗುತ್ತದೆ'. ಆದರೆ ಇದೇ ಪ್ರದೇಶದ ಇನ್ನೆರಡು ಮನೆಮಾತುಗಳು ನೆರವಿಗೆ ಬರುತ್ತವೆ. ಮರಾಠಿಯಲ್ಲಿ ಉಪ್ಪು ನೀರಿನಲ್ಲಿ ಬೆರೆತುಹೋಗುವುದು 'ವಿರಘಳಣೆ', ಮೇಣ ಕರಗುವುದು 'ವಿತಳಣೆ'. ದಖನಿ ಉರ್ದುವಿನಲ್ಲಿ ಮೊದಲನೆಯದು 'ಘುಲ್ನಾ', ಎರಡನೆಯದು 'ಪಿಘಲ್ನಾ'. ಈ ಭಾಷೆಗಳನ್ನು ಮನೆಯಲ್ಲಿ ಆಡುವ ಮಕ್ಕಳು ತರಗತಿಯಲ್ಲಿದ್ದರೆ, ಅವರಿಂದಲೇ ಪಾಠವನ್ನು ಆರಂಭಿಸಬಹುದು.

ಕಲಿಕಾ ಫಲಗಳು

ಪಾಠದ ಕೊನೆಯಲ್ಲಿ ವಿದ್ಯಾರ್ಥಿಗಳು:
1. ದ್ರವೀಭವನ ಮತ್ತು ವಿಲೀನಗೊಳ್ಳುವಿಕೆಗಳ ವ್ಯತ್ಯಾಸವನ್ನು ಉದಾಹರಣೆ ಸಹಿತ ಹೇಳುವರು.
2. ಸಂಯುಕ್ತದ ಗುಣಗಳನ್ನು ಅದರ ಕಣಗಳ ನಡುವಿನ ಬಲಗಳ ಆಧಾರದಿಂದ ವಿವರಿಸುವರು.
3. ಸರಳ ಪ್ರಯೋಗಗಳಿಂದ ಅಯಾನಿಕ ಮತ್ತು ಸಹವೇಲೆನ್ಸಿ ಸಂಯುಕ್ತಗಳನ್ನು ಗುರುತಿಸುವರು.
4. ಸಾಮಾನ್ಯ ನಿಯಮಗಳಿಗೆ ಇರುವ ಅಪವಾದಗಳನ್ನು ಕಾರಣ ಸಹಿತ ತಿಳಿಸುವರು.

ಶಿಕ್ಷಕರ ತಿಳಿವಿಗೆ

ಗುಣಗಳ ಪಟ್ಟಿಯನ್ನು ಬಾಯಿಪಾಠ ಮಾಡಿಸುವ ಬದಲು ಪ್ರತಿಯೊಂದು ಗುಣದ ಮುಂದೆಯೂ ಒಂದೇ ಪ್ರಶ್ನೆಯನ್ನು ಇಡಬೇಕು: ಇಲ್ಲಿ ಯಾವುದು ಯಾವುದರಿಂದ ಬೇರ್ಪಡುತ್ತಿದೆ? ಮೇಲೆ ಹೇಳಿದ ಎರಡು 'ಕರಗು'ಗಳನ್ನೂ ಈ ಪ್ರಶ್ನೆಯೇ ಬೇರ್ಪಡಿಸುತ್ತದೆ.

ಅಡುಗೆ ಉಪ್ಪಿನ ಹರಳಿನಲ್ಲಿ ಸೋಡಿಯಂನ ಧನ ಅಯಾನುಗಳೂ ಕ್ಲೋರಿನ್ನಿನ ಋಣ ಅಯಾನುಗಳೂ ಒಂದು ಬಿಟ್ಟು ಒಂದರಂತೆ ಮೂರೂ ದಿಕ್ಕುಗಳಲ್ಲಿ ಜೋಡಣೆಗೊಂಡಿವೆ. ಪ್ರತಿ ಸೋಡಿಯಂ ಅಯಾನಿನ ಸುತ್ತ 6 ಕ್ಲೋರೈಡ್ ಅಯಾನುಗಳು, ಪ್ರತಿ ಕ್ಲೋರೈಡ್ ಅಯಾನಿನ ಸುತ್ತ 6 ಸೋಡಿಯಂ ಅಯಾನುಗಳು ಇರುತ್ತವೆ. 'ಇದು ಇದರ ಜೋಡಿ' ಎಂದು ಎರಡು ಅಯಾನುಗಳನ್ನು ಬೇರೆಯಾಗಿ ತೋರಿಸಲು ಅಲ್ಲಿ ಸಾಧ್ಯವೇ ಇಲ್ಲ. ಆದ್ದರಿಂದ 'ಉಪ್ಪಿನ ಅಣು' ಎಂಬ ಮಾತು ಸರಿಯಲ್ಲ. ಸೂತ್ರವು ಎರಡು ಬಗೆಯ ಅಯಾನುಗಳ ಅನುಪಾತವನ್ನು ಮಾತ್ರ ಸೂಚಿಸುತ್ತದೆ. ವಿಲಿಯಂ ಹೆನ್ರಿ ಬ್ರ್ಯಾಗ್ ಮತ್ತು ಅವರ ಮಗ ವಿಲಿಯಂ ಲಾರೆನ್ಸ್ ಬ್ರ್ಯಾಗ್ ಅವರು ಕ್ಷ-ಕಿರಣಗಳ ನೆರವಿನಿಂದ 1913ರಲ್ಲಿ ಈ ರಚನೆಯನ್ನು ಕಂಡುಕೊಂಡರು. 1915ರಲ್ಲಿ ಇಬ್ಬರಿಗೂ ನೊಬೆಲ್ ಪ್ರಶಸ್ತಿ ಸಂದಿತು. ಆದರೂ ಉಪ್ಪಿನಲ್ಲಿ ಅಣುಗಳಿಲ್ಲವೆಂಬ ಮಾತನ್ನು ಇಂಗ್ಲೆಂಡಿನ ಹಿರಿಯ ರಸಾಯನಶಾಸ್ತ್ರಜ್ಞ ಹೆನ್ರಿ ಆರ್ಮ್‌ಸ್ಟ್ರಾಂಗ್ 1927ರಲ್ಲಿಯೂ ಒಪ್ಪದೆ ಪತ್ರಿಕೆಗೆ ಬರೆದರು. ಪಂಡಿತರಿಗೇ ಕಷ್ಟವಾದ ಕಲ್ಪನೆಯು ಹದಿನೈದರ ಮಕ್ಕಳಿಗೆ ಒಂದೇ ಪೀರಿಯಡ್‌ನಲ್ಲಿ ಒಲಿಯಬೇಕೆಂದು ನಿರೀಕ್ಷಿಸುವುದು ಸಲ್ಲದು.

ಮೇಣದ ರಚನೆ ಬೇರೆ ಬಗೆಯದು. ಅದರಲ್ಲಿ ಕಾರ್ಬನ್ ಮತ್ತು ಹೈಡ್ರೋಜನ್ ಪರಮಾಣುಗಳು ಎಲೆಕ್ಟ್ರಾನ್ ಜೋಡಿಗಳನ್ನು ಹಂಚಿಕೊಂಡು ಉದ್ದನೆಯ ಅಣುಗಳಾಗಿವೆ. ಅಣುವಿನ ಒಳಗಿನ ಸಹವೇಲೆನ್ಸಿ ಬಂಧ ಬಲವಾದುದು. ಒಂದು ಅಣುವಿಗೂ ಪಕ್ಕದ ಅಣುವಿಗೂ ನಡುವಿನ ಆಕರ್ಷಣೆ ದುರ್ಬಲವಾದುದು. ಮೇಣ ಕಾದು ದ್ರವವಾದಾಗ ಅಣುಗಳು ತಮ್ಮ ನೆಲೆ ಬಿಟ್ಟು ಒಂದರ ಮೇಲೊಂದು ಜಾರತೊಡಗುತ್ತವೆ. ಯಾವ ಅಣುವೂ ಮುರಿಯುವುದಿಲ್ಲ. ಇದಕ್ಕೆ ಸುಮಾರು 60 ಡಿಗ್ರಿ ಸೆಲ್ಸಿಯಸ್ ಸಾಕು. ಉಪ್ಪಿನಲ್ಲಾದರೋ ಅಯಾನುಗಳನ್ನೇ ಅವುಗಳ ನೆಲೆಯಿಂದ ಸಡಿಲಿಸಬೇಕು. ಅದಕ್ಕೆ 801 ಡಿಗ್ರಿ ಬೇಕು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. 'ಸಹವೇಲೆನ್ಸಿ ಸಂಯುಕ್ತಗಳ ಬಂಧ ದುರ್ಬಲ, ಆದ್ದರಿಂದ ಅವುಗಳ ದ್ರವೀಭವನ ಬಿಂದು ಕಡಿಮೆ' ಎಂದು ಕೆಲವೊಮ್ಮೆ ಬರೆಸುವುದುಂಟು. ಇದು ತಪ್ಪು. ನೀರು 100 ಡಿಗ್ರಿಯಲ್ಲಿ ಕುದಿದಾಗ ಬರುವುದು ಹಬೆಯೇ ಹೊರತು ಹೈಡ್ರೋಜನ್ ಮತ್ತು ಆಕ್ಸಿಜನ್ ಅಲ್ಲ ಎಂಬುದನ್ನು ನೆನಪಿಸಿದರೆ, ಕುದಿಯುವಾಗ ಬಂಧ ಮುರಿಯದೆಂಬುದು ಮಕ್ಕಳಿಗೆ ಹೊಳೆಯುತ್ತದೆ.

ಉಪ್ಪು ಕರಗಲು 801 ಡಿಗ್ರಿಯ ಉರಿ ಬೇಕಾದರೆ ತಣ್ಣೀರಿನಲ್ಲಿ ಅದು ಹೇಗೆ ಕರಗುತ್ತದೆ? ಪಾಠದ ತಿರುಳು ಈ ಪ್ರಶ್ನೆಯಲ್ಲಿದೆ. ಮಕ್ಕಳು ಕೇಳದಿದ್ದರೆ ಶಿಕ್ಷಕರೇ ಕೇಳಬೇಕು. ನೀರಿನ ಅಣುವಿನಲ್ಲಿ ಆಕ್ಸಿಜನ್ ತುದಿಗೆ ಅಲ್ಪ ಋಣ ಆವೇಶ, ಹೈಡ್ರೋಜನ್ ತುದಿಗಳಿಗೆ ಅಲ್ಪ ಧನ ಆವೇಶ ಇರುತ್ತದೆ. ಹರಳಿನ ಅಂಚಿನಲ್ಲಿರುವ ಸೋಡಿಯಂ ಅಯಾನನ್ನು ಹಲವು ನೀರಿನ ಅಣುಗಳು ತಮ್ಮ ಆಕ್ಸಿಜನ್ ತುದಿಯಿಂದಲೂ ಕ್ಲೋರೈಡ್ ಅಯಾನನ್ನು ಹೈಡ್ರೋಜನ್ ತುದಿಯಿಂದಲೂ ಸುತ್ತುವರಿದು ಹೊರಕ್ಕೆ ಸೆಳೆಯುತ್ತವೆ. ಲೆಕ್ಕದಲ್ಲಿ ಹೇಳುವುದಾದರೆ, ಒಂದು ಮೋಲ್ ಅಂದರೆ 58.5 ಗ್ರಾಂ ಉಪ್ಪಿನ ಅಯಾನುಗಳನ್ನು ಪೂರ್ಣವಾಗಿ ಬೇರ್ಪಡಿಸಲು ಸುಮಾರು 787 ಕಿಲೋಜೂಲ್ ಶಕ್ತಿ ಬೇಕು. ನೀರಿನ ಅಣುಗಳು ಅಯಾನುಗಳನ್ನು ಸುತ್ತುವರಿದಾಗ ಈ ಶಕ್ತಿಯ ಬಹುಪಾಲು ಮರಳಿ ದೊರೆಯುತ್ತದೆ. ಉಳಿಯುವ ಕೊರತೆ 4 ಕಿಲೋಜೂಲ್‌ನಷ್ಟು ಮಾತ್ರ. ಬೆಂಕಿ ಒಂಟಿಯಾಗಿ ಮಾಡಬೇಕಾದ ಕೆಲಸವನ್ನು ಇಲ್ಲಿ ನೀರಿನ ಅಣುಗಳ ಆಕರ್ಷಣೆ ಮಾಡುತ್ತದೆ. ಮೇಣದ ಅಣುಗಳಲ್ಲಿ ನೀರನ್ನು ಹಾಗೆ ಸೆಳೆಯುವ ಆವೇಶವಿಲ್ಲ; ಆದ್ದರಿಂದ ಬೇಗನೆ ದ್ರವವಾಗುವ ಮೇಣ ನೀರಿನಲ್ಲಿ ಮಾತ್ರ ಬೆರೆಯದು.

ಚಟುವಟಿಕೆ 1: ಎರಡು 'ಕರಗು'ಗಳು

ಕರಿಹಲಗೆಯನ್ನು ಎರಡು ಭಾಗ ಮಾಡಬೇಕು. 'ಕರಗು' ಪದವಿರುವ ವಾಕ್ಯಗಳನ್ನು ಮಕ್ಕಳಿಂದ ಕೇಳುತ್ತ, ಶಾಖ ಮಾತ್ರ ಬೇಕಾದವನ್ನು ಎಡಕ್ಕೆ, ಇನ್ನೊಂದು ವಸ್ತು ಬೇಕಾದವನ್ನು ಬಲಕ್ಕೆ ಬರೆಯಬೇಕು. ತುಪ್ಪ, ಮೇಣ, ಚಿನ್ನ ಎಡಕ್ಕೆ ಬರುತ್ತವೆ. ಬೆಲ್ಲ, ಉಪ್ಪು, ಯೂರಿಯಾ ಬಲಕ್ಕೆ ಬರುತ್ತವೆ. ಮರಾಠಿ ಅಥವಾ ದಖನಿ ಬಲ್ಲ ಮಕ್ಕಳು ಪ್ರತಿ ವಾಕ್ಯಕ್ಕೂ ತಮ್ಮ ಮನೆಯ ಕ್ರಿಯಾಪದವನ್ನು ಹೇಳಲಿ. ಅವರು ಎಡಕ್ಕೆ ಒಂದು ಪದ, ಬಲಕ್ಕೆ ಇನ್ನೊಂದು ಪದ ಹೇಳುವುದನ್ನು ಉಳಿದವರು ಗಮನಿಸುತ್ತಾರೆ. ಆ ಬಳಿಕ ಎಡಭಾಗಕ್ಕೆ 'ದ್ರವೀಭವನ', ಬಲಭಾಗಕ್ಕೆ 'ವಿಲೀನಗೊಳ್ಳುವಿಕೆ' ಎಂಬ ಶೀರ್ಷಿಕೆಗಳನ್ನು ಕೊಟ್ಟು, ಮುಂದಿನ ಪೀರಿಯಡ್‌ಗಳಲ್ಲಿ ಆ ಪದಗಳನ್ನೇ ಬಳಸುವ ಒಪ್ಪಂದವನ್ನು ತರಗತಿಯೊಂದಿಗೆ ಮಾಡಿಕೊಳ್ಳಬೇಕು. 'ಕರಗುವ ಬಿಂದು' ಎಂದರೆ ಎಡಭಾಗದ ಕ್ರಿಯೆಯೇ ಎಂಬುದನ್ನು ಸ್ಪಷ್ಟಪಡಿಸಬೇಕು.

ಚಟುವಟಿಕೆ 2: ಕಾಯಿಸಿ ನೋಡುವುದು

ಮೂರು ಸ್ಟೀಲ್ ಚಮಚಗಳಲ್ಲಿ ಮೇಣ, ಸಕ್ಕರೆ ಮತ್ತು ಉಪ್ಪನ್ನು ಚಿಟಿಕೆಯಷ್ಟು ತೆಗೆದುಕೊಂಡು ಸ್ಪಿರಿಟ್ ದೀಪದ ಮೇಲೆ ಒಂದಾದ ಮೇಲೊಂದರಂತೆ ಕಾಯಿಸಬೇಕು. ಮೇಣ ಕ್ಷಣದಲ್ಲಿ ದ್ರವವಾಗುತ್ತದೆ. ಸಕ್ಕರೆ ದ್ರವವಾಗುತ್ತಲೇ ಕಂದುಬಣ್ಣಕ್ಕೆ ತಿರುಗಿ ಕೊನೆಗೆ ಕರಿಕಾಗುತ್ತದೆ. ಅಂದರೆ ಅದರ ಅಣುಗಳೇ ಒಡೆಯುತ್ತವೆ. ಉಪ್ಪು ಚಟಪಟ ಸಿಡಿಯಬಹುದು, ಆದರೆ ದ್ರವವಾಗುವುದಿಲ್ಲ. ಸಿಡಿತಕ್ಕೆ ಹರಳಿನೊಳಗೆ ಸಿಲುಕಿದ ನೀರು ಹಬೆಯಾಗುವುದು ಕಾರಣ. ಈ ಪ್ರಯೋಗವನ್ನು ಶಿಕ್ಷಕರೇ ಮಾಡಬೇಕು, ಮಕ್ಕಳು ದೂರದಲ್ಲಿರಬೇಕು. ಕರ್ಪೂರ ಮತ್ತು ನ್ಯಾಫ್ತಲೀನ್ ಗುಳಿಗೆಗಳನ್ನು ಕಾಯಿಸಬಾರದು.

ಪಟಿಕ, ಮೈಲುತುತ್ತ ಅಥವಾ ವಾಷಿಂಗ್ ಸೋಡಾ ಹರಳುಗಳನ್ನು ಈ ಪ್ರಯೋಗಕ್ಕೆ ಆರಿಸಬಾರದು. ಇವು ಅಯಾನಿಕ ಸಂಯುಕ್ತಗಳೇ ಆದರೂ ಇವುಗಳ ಹರಳಿನಲ್ಲಿ ನೀರಿನ ಅಣುಗಳೂ ಸೇರಿವೆ. ಪಟಿಕವು ಸುಮಾರು 92 ಡಿಗ್ರಿಯಲ್ಲಿಯೇ ತನ್ನ ಹರಳಿನ ನೀರಿನಲ್ಲಿ ತಾನೇ ಕರಗಿದಂತಾಗುತ್ತದೆ. ಇದನ್ನು ಕಂಡ ಮಕ್ಕಳು ಅಯಾನಿಕ ಸಂಯುಕ್ತದ ದ್ರವೀಭವನ ಬಿಂದು ಕಡಿಮೆ ಎಂಬ ತೀರ್ಮಾನಕ್ಕೆ ಬಂದಾರು.

ಸುಣ್ಣದ ಭಟ್ಟಿಯ ಉದಾಹರಣೆಯನ್ನು ಇಲ್ಲಿ ಸೇರಿಸಬಹುದು. ಭಟ್ಟಿಯ ಉರಿಯಲ್ಲಿ ಸುಣ್ಣಕಲ್ಲು ಸುಟ್ಟು ಕ್ಯಾಲ್ಸಿಯಂ ಆಕ್ಸೈಡ್ ಆಗುತ್ತದೆ, ಆದರೆ ಆ ಸುಣ್ಣ ದ್ರವವಾಗಿ ಹರಿಯುವುದಿಲ್ಲ. ಅದರ ದ್ರವೀಭವನ ಬಿಂದು ಸುಮಾರು 2,600 ಡಿಗ್ರಿ. ಉಪ್ಪಿನ ಅಯಾನುಗಳಲ್ಲಿ ಆವೇಶ ಒಂದೊಂದು. ಸುಣ್ಣದ ಅಯಾನುಗಳಲ್ಲಿ ಎರಡೆರಡು. ಆವೇಶ ಹೆಚ್ಚಿದಂತೆ ಆಕರ್ಷಣೆಯೂ ಹೆಚ್ಚುತ್ತದೆ.

ಚಟುವಟಿಕೆ 3: ವಿದ್ಯುತ್ ವಹನ

9 ವೋಲ್ಟ್ ಬ್ಯಾಟರಿ, ಎಲ್‌ಇಡಿ, ಸುಮಾರು 470 ಓಮ್ ರೋಧಕ ಮತ್ತು ಎರಡೂ ತುದಿ ಕೆತ್ತಿದ ಎರಡು ಪೆನ್ಸಿಲ್‌ಗಳಿಂದ ಪರೀಕ್ಷಕವನ್ನು ತಯಾರಿಸಿಕೊಳ್ಳಬೇಕು. ಗೋಡೆಯ ವಿದ್ಯುತ್ತನ್ನು ಯಾವ ಕಾರಣಕ್ಕೂ ಬಳಸಬಾರದು. ಒಣ ಉಪ್ಪು, ಭಟ್ಟಿ ಇಳಿಸಿದ ನೀರು, ಸಕ್ಕರೆಯ ದ್ರಾವಣ, ಉಪ್ಪಿನ ದ್ರಾವಣ ಎಂಬ ಕ್ರಮದಲ್ಲಿ ಪರೀಕ್ಷಿಸಿದರೆ ಕೊನೆಯದರಲ್ಲಿ ಮಾತ್ರ ಎಲ್‌ಇಡಿ ಚೆನ್ನಾಗಿ ಬೆಳಗುತ್ತದೆ. ಉಪ್ಪಿನ ದ್ರಾವಣದಲ್ಲಿ ಅಲ್ಪ ಪ್ರಮಾಣದ ಕ್ಲೋರಿನ್ ಅನಿಲ ಹೊರಡಬಹುದು. ಆದ್ದರಿಂದ ಕಿಟಕಿಗಳನ್ನು ತೆರೆದಿಟ್ಟು ಪ್ರಯೋಗವನ್ನು ಬೇಗನೆ ಮುಗಿಸಬೇಕು.

ನೀರಿನ ವಿಷಯದಲ್ಲಿ ಶಿಕ್ಷಕರು ಮುಂಚಿತವಾಗಿಯೇ ಸಿದ್ಧರಾಗಿರಬೇಕು. ಶಾಲೆಯ ಕೊಳವೆಬಾವಿಯ ನೀರನ್ನೇ ತೆಗೆದುಕೊಂಡರೆ ಉಪ್ಪು ಹಾಕುವ ಮುನ್ನವೇ ಎಲ್‌ಇಡಿ ಮಂದವಾಗಿ ಬೆಳಗಬಹುದು. ಆಗ ಸಕ್ಕರೆಯ ದ್ರಾವಣವೂ ವಾಹಕವೆಂಬಂತೆ ತೋರುತ್ತದೆ. ವಾಹನಗಳ ಬ್ಯಾಟರಿಗೆ ಹಾಕುವ ಭಟ್ಟಿ ಇಳಿಸಿದ ನೀರನ್ನು ಅಂಗಡಿಯಿಂದ ತಂದುಕೊಂಡರೆ ಈ ತೊಡಕು ತಪ್ಪುತ್ತದೆ. ಪ್ರಯೋಗ ಮುಗಿದ ಮೇಲೆ ಕೊಳವೆಬಾವಿಯ ನೀರನ್ನೂ ಪರೀಕ್ಷಿಸಿ, 'ಇದರಲ್ಲಿ ಏನು ವಿಲೀನಗೊಂಡಿರಬಹುದು?' ಎಂದು ಕೇಳಬೇಕು. ಬಂಡೆ ಮತ್ತು ಮಣ್ಣಿನಿಂದ ಬಂದ ಲವಣಗಳ ಅಯಾನುಗಳು ಅದರಲ್ಲಿವೆ ಎಂಬ ಉತ್ತರವನ್ನು ಮಕ್ಕಳೇ ತಲುಪಬಲ್ಲರು.

ಒಣ ಉಪ್ಪಿನಲ್ಲಿ ಅಯಾನುಗಳಿದ್ದರೂ ಅವು ತಮ್ಮ ನೆಲೆ ಬಿಟ್ಟು ಚಲಿಸಲಾರವು, ದ್ರಾವಣದಲ್ಲಿ ಚಲಿಸಬಲ್ಲವು. ದ್ರವರೂಪದ ಉಪ್ಪಿನಲ್ಲಿಯೂ ಚಲಿಸಬಲ್ಲವು, ಆದರೆ ಅದನ್ನು ತರಗತಿಯಲ್ಲಿ ತೋರಿಸಲಾಗದು. ಅದಕ್ಕೆ ಬದಲಾಗಿ ಹಂಫ್ರಿ ಡೇವಿ 1807ರಲ್ಲಿ ದ್ರವೀಭವಿಸಿದ ಕಾಸ್ಟಿಕ್ ಸೋಡಾದ ಮೂಲಕ ವಿದ್ಯುತ್ ಹರಿಸಿ ಸೋಡಿಯಂ ಲೋಹವನ್ನು ಮೊದಲ ಬಾರಿಗೆ ಬೇರ್ಪಡಿಸಿದ ಸಂಗತಿಯನ್ನು ಹೇಳಬಹುದು. ದ್ರಾವಣದಲ್ಲಿ ಆವೇಶವನ್ನು ಒಯ್ಯುವುದು ಅಯಾನುಗಳು. ತಾಮ್ರದ ತಂತಿಯಲ್ಲಿ ಒಯ್ಯುವುದು ಎಲೆಕ್ಟ್ರಾನುಗಳು. ಸಕ್ಕರೆ ವಿಲೀನಗೊಂಡರೂ ಅದರ ಅಣುಗಳು ಇಡಿಯಾಗಿಯೇ ಉಳಿಯುವುದರಿಂದ ಅಲ್ಲಿ ಆವೇಶವನ್ನು ಒಯ್ಯುವ ಕಣಗಳಿಲ್ಲ.

ಚಟುವಟಿಕೆ 4: ಪೆಡಸುತನ ಮತ್ತು ವಿಲೀನತೆ

ಹರಳುಪ್ಪಿನ ದೊಡ್ಡ ಹರಳನ್ನು ಬಟ್ಟೆಯಲ್ಲಿ ಸುತ್ತಿ ಕಲ್ಲಿನಿಂದ ಕುಟ್ಟಿದರೆ ಸಮತಟ್ಟಾದ ಮುಖಗಳುಳ್ಳ ಚೂರುಗಳಾಗುತ್ತವೆ. ತಾಮ್ರದ ತಂತಿಯನ್ನು ಕುಟ್ಟಿದರೆ ಅದು ಚಪ್ಪಟೆಯಾಗುತ್ತದೆ. ಪೆಟ್ಟು ಬಿದ್ದಾಗ ಅಯಾನುಗಳ ಒಂದು ಪದರ ಸರಿದು, ಧನದ ಎದುರು ಧನ, ಋಣದ ಎದುರು ಋಣ ಬಂದು ನಿಲ್ಲುತ್ತವೆ. ವಿಕರ್ಷಣೆಯಿಂದ ಹರಳು ಸೀಳುತ್ತದೆ. ಎರಡು ಬಣ್ಣದ ಹುಣಸೆಬೀಜ ಮತ್ತು ಅವರೆಕಾಳುಗಳನ್ನು ಸಾಲಾಗಿ ಜೋಡಿಸಿ ಒಂದು ಸಾಲನ್ನು ಸರಿಸಿದರೆ ಇದು ಕಣ್ಣಿಗೆ ಕಾಣುತ್ತದೆ.

ಅನಂತರ ಉಪ್ಪನ್ನೂ ಮೇಣದ ತುರಿಯನ್ನೂ ನೀರಿನಲ್ಲಿ ಮತ್ತು ಉಗುರುಬೆಚ್ಚಗಿನ ಶೇಂಗಾ ಎಣ್ಣೆಯಲ್ಲಿ ಹಾಕಿ ನೋಡಬೇಕು. ಉಪ್ಪು ನೀರಿನಲ್ಲಿ ವಿಲೀನವಾಗಿ ಎಣ್ಣೆಯಲ್ಲಿ ತಳಕ್ಕೆ ಇಳಿಯುತ್ತದೆ. ಮೇಣ ನೀರಿನಲ್ಲಿ ತೇಲಿ, ಬೆಚ್ಚಗಿನ ಎಣ್ಣೆಯಲ್ಲಿ ನಿಧಾನವಾಗಿ ಬೆರೆಯುತ್ತದೆ.

ಹೋಲಿಕೆಯ ಪಟ್ಟಿ

ಪಟ್ಟಿಯನ್ನು ಪ್ರಯೋಗಗಳ ಬಳಿಕವೇ ಬರೆಸಬೇಕು. ತಾಪಗಳು ಡಿಗ್ರಿ ಸೆಲ್ಸಿಯಸ್‌ನಲ್ಲಿವೆ.

| ಗುಣ | ಅಯಾನಿಕ ಸಂಯುಕ್ತಗಳು | ಅಣುಗಳಿಂದಾದ ಸಹವೇಲೆನ್ಸಿ ಸಂಯುಕ್ತಗಳು |
|---|---|---|
| ಘಟಕ ಕಣಗಳು | ಧನ ಮತ್ತು ಋಣ ಅಯಾನುಗಳು | ಅಣುಗಳು |
| ಸ್ಥಿತಿ | ಗಟ್ಟಿಯಾದ, ಪೆಡಸು ಸ್ಫಟಿಕ | ಅನಿಲ, ದ್ರವ ಅಥವಾ ಮೃದು ಘನ |
| ದ್ರವೀಭವನ ಬಿಂದು | ಹೆಚ್ಚು. ಸೋಡಿಯಂ ಕ್ಲೋರೈಡ್ 801 | ಕಡಿಮೆ. ನ್ಯಾಫ್ತಲೀನ್ 80, ಮೀಥೇನ್ ಮೈನಸ್ 182 |
| ಕುದಿಯುವ ಬಿಂದು | ಹೆಚ್ಚು. ಸೋಡಿಯಂ ಕ್ಲೋರೈಡ್ 1,413 | ಕಡಿಮೆ. ಎಥನಾಲ್ 78 |
| ವಿಲೀನತೆ | ಹಲವು ನೀರಿನಲ್ಲಿ ವಿಲೀನ | ಹಲವು ಎಣ್ಣೆ, ಟರ್ಪೆಂಟೈನ್‌ನಂಥ ದ್ರಾವಕಗಳಲ್ಲಿ ವಿಲೀನ |
| ವಿದ್ಯುತ್ ವಹನ | ಘನದಲ್ಲಿ ಇಲ್ಲ. ದ್ರವ ಮತ್ತು ದ್ರಾವಣದಲ್ಲಿ ಉಂಟು | ಸಾಮಾನ್ಯವಾಗಿ ಇಲ್ಲ |

ಅಪವಾದಗಳು

ಪಟ್ಟಿಯಲ್ಲಿ 'ಹಲವು', 'ಸಾಮಾನ್ಯವಾಗಿ' ಎಂಬ ಪದಗಳನ್ನು ಬಿಡಬಾರದು. ಸುಣ್ಣಕಲ್ಲಿನಲ್ಲಿರುವ ಕ್ಯಾಲ್ಸಿಯಂ ಕಾರ್ಬೊನೇಟ್ ಅಯಾನಿಕವಾದರೂ ನೀರಿನಲ್ಲಿ ವಿಲೀನವಾಗುವುದು ಅತ್ಯಲ್ಪ; ಅಲ್ಲಿ ಅಯಾನುಗಳ ಪರಸ್ಪರ ಹಿಡಿತವನ್ನು ನೀರಿನ ಸೆಳೆತ ಗೆಲ್ಲಲಾರದು. ಸಕ್ಕರೆ ಸಹವೇಲೆನ್ಸಿ ಸಂಯುಕ್ತವಾದರೂ ನೀರಿನಲ್ಲಿ ಧಾರಾಳವಾಗಿ ವಿಲೀನವಾಗುತ್ತದೆ. ಅದರ ಅಣುವಿನ ಹೈಡ್ರಾಕ್ಸಿಲ್ ಗುಂಪುಗಳು ನೀರನ್ನು ಸೆಳೆಯುತ್ತವೆ. ಹೈಡ್ರೋಜನ್ ಕ್ಲೋರೈಡ್ ಸಹವೇಲೆನ್ಸಿ ಅನಿಲವಾದರೂ ನೀರಿನೊಂದಿಗೆ ವರ್ತಿಸಿ ಅಯಾನುಗಳನ್ನು ಕೊಡುವುದರಿಂದ ಅದರ ದ್ರಾವಣ ವಾಹಕವಾಗುತ್ತದೆ.

ಕೃಷ್ಣೆ ಮತ್ತು ತುಂಗಭದ್ರೆಯರ ಪಾತ್ರದಲ್ಲಿ ಮಕ್ಕಳು ದಿನವೂ ಕಾಣುವ ಮರಳು ಇನ್ನೊಂದು ದೊಡ್ಡ ಅಪವಾದ. ಅದರ ಮುಖ್ಯ ಅಂಶವಾದ ಸಿಲಿಕಾನ್ ಡೈಆಕ್ಸೈಡ್ ಸಹವೇಲೆನ್ಸಿ ಸಂಯುಕ್ತ. ಆದರೆ ಸುಮಾರು 1,700 ಡಿಗ್ರಿಯವರೆಗೆ ದ್ರವವಾಗುವುದಿಲ್ಲ. ಅದರಲ್ಲಿ ಬಿಡಿ ಅಣುಗಳಿಲ್ಲ. ಇಡೀ ಕಣವೇ ಸಹವೇಲೆನ್ಸಿ ಬಂಧಗಳ ಒಂದು ಜಾಲ. ಅದನ್ನು ದ್ರವವಾಗಿಸಲು ಬಂಧಗಳನ್ನೇ ಮುರಿಯಬೇಕು. ವಜ್ರವೂ ಇಂಥ ಜಾಲವೇ, ಆದರೆ ಅದು ಸಂಯುಕ್ತವಲ್ಲ, ಕಾರ್ಬನ್ ಧಾತುವಿನ ಒಂದು ರೂಪ. ಜಗತ್ತಿನ ಕೆಲವೆಡೆ ವಜ್ರವನ್ನು ಭೂಗರ್ಭದಿಂದ ಮೇಲೆ ತಂದಿರುವ ಕಿಂಬರ್ಲೈಟ್ ಎಂಬ ಶಿಲೆಯನ್ನು ಭೂವಿಜ್ಞಾನಿಗಳು ನಾರಾಯಣಪೇಟೆ, ಮದ್ದೂರು, ಕೋಟಕೊಂಡ ಪರಿಸರದಲ್ಲಿ ಗುರುತಿಸಿದ್ದಾರೆ. ಆ ಶಿಲೆ ಇದ್ದ ಮಾತ್ರಕ್ಕೆ ವಜ್ರ ಇರಬೇಕೆಂದಿಲ್ಲ. ಸಹವೇಲೆನ್ಸಿ ಬಂಧ ದುರ್ಬಲವೆಂಬ ತಪ್ಪನ್ನು ತಿದ್ದಲು ಮರಳೊಂದೇ ಸಾಕು.

ಸ್ಥಳೀಯ ಅನ್ವಯ

ನಾರಾಯಣಪೇಟೆ ಮತ್ತು ಗದ್ವಾಲ್ ಸೀರೆಗಳ ನೇಯ್ಗೆಯ ಊರುಗಳಲ್ಲಿ ಹತ್ತಿ ನೂಲಿನ ಬಣ್ಣಗಾರಿಕೆಯನ್ನು ಉದಾಹರಣೆಯಾಗಿ ಬಳಸಬಹುದು. ಕೆಲವು ಬಗೆಯ ಬಣ್ಣಗಳನ್ನು ಹತ್ತಿಗೆ ಹಿಡಿಸುವಾಗ ಬಣ್ಣದ ನೀರಿಗೆ ಅಡುಗೆ ಉಪ್ಪನ್ನೋ ಸೋಡಿಯಂ ಸಲ್ಫೇಟನ್ನೋ ಬೆರೆಸುತ್ತಾರೆ. ನೀರಿನಲ್ಲಿ ಹತ್ತಿಯ ಎಳೆಯೂ ಬಣ್ಣದ ಕಣವೂ ಋಣ ಆವೇಶ ಪಡೆದು ಒಂದನ್ನೊಂದು ದೂರ ತಳ್ಳುತ್ತವೆ. ಉಪ್ಪಿನಿಂದ ಬಿಡುಗಡೆಯಾದ ಸೋಡಿಯಂ ಅಯಾನುಗಳು ಈ ವಿಕರ್ಷಣೆಯನ್ನು ತಗ್ಗಿಸುವುದರಿಂದ ಬಣ್ಣ ಎಳೆಯನ್ನು ಸೇರುತ್ತದೆ. ಉಪ್ಪಿನ ಬದಲು ಸಕ್ಕರೆ ಹಾಕಿದರೆ ಈ ಕೆಲಸ ಆಗುವುದೇ ಎಂದು ಮಕ್ಕಳನ್ನು ಕೇಳಬೇಕು.

ಎರಡನೆಯ ಅನ್ವಯ ಕುಡಿಯುವ ನೀರಿಗೆ ಸಂಬಂಧಿಸಿದ್ದು. ಹಿಂದಿನ ಮಹಬೂಬ್‌ನಗರ ಜಿಲ್ಲೆಯ ಹಲವೆಡೆ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚಾಗಿರುವುದು ತಿಳಿದ ಸಂಗತಿ. ಭಾರತೀಯ ಮಾನಕದ ಪ್ರಕಾರ ಒಂದು ಲೀಟರ್ ಕುಡಿಯುವ ನೀರಿನಲ್ಲಿ 1 ಮಿಲಿಗ್ರಾಂ ಫ್ಲೋರೈಡ್ ಸ್ವೀಕಾರಾರ್ಹ. ಬೇರೆ ನೀರಿನ ಮೂಲವಿಲ್ಲದಿದ್ದರೆ 1.5 ಮಿಲಿಗ್ರಾಂ ಮಿತಿ. ಇದಕ್ಕಿಂತ ಹೆಚ್ಚಾದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲು, ಮೂಳೆಗಳು ಕೆಡುತ್ತವೆ. ನೀರನ್ನು ಕುದಿಸಿದರೆ ಎಲ್ಲ ದೋಷವೂ ಹೋಗುತ್ತದೆಂಬ ನಂಬಿಕೆ ಮನೆಗಳಲ್ಲಿ ಸಾಮಾನ್ಯ. ಕುದಿಸುವುದರಿಂದ ರೋಗಾಣುಗಳು ಸಾಯುತ್ತವೆ, ನಿಜ. ಆದರೆ ಫ್ಲೋರೈಡ್ ಅಯಾನುಗಳು ಹಬೆಯೊಂದಿಗೆ ಹೊರಟುಹೋಗುವುದಿಲ್ಲ; ಅಯಾನಿಕ ಸಂಯುಕ್ತಗಳ ಕುದಿಯುವ ಬಿಂದು ಬಹಳ ಹೆಚ್ಚು. ನೀರು ಆವಿಯಾಗಿ ಕಡಿಮೆಯಾದಷ್ಟೂ ಉಳಿದ ನೀರಿನಲ್ಲಿ ಫ್ಲೋರೈಡಿನ ಸಾಂದ್ರತೆ ಹೆಚ್ಚುತ್ತದೆ. ಅದನ್ನು ತೆಗೆಯಲು ಬೇರೆ ವಿಧಾನ ಬೇಕು. ನಾಗಪುರದ ನೀರಿ ಸಂಸ್ಥೆ ರೂಪಿಸಿದ 'ನಲ್ಗೊಂಡ ವಿಧಾನ'ದಲ್ಲಿ ಪಟಿಕ ಮತ್ತು ಸುಣ್ಣವನ್ನು ನಿಗದಿತ ಪ್ರಮಾಣದಲ್ಲಿ ಬೆರೆಸಿ, ಫ್ಲೋರೈಡನ್ನು ಗಸಿಯೊಂದಿಗೆ ತಳಕ್ಕೆ ಇಳಿಸುತ್ತಾರೆ. ಪ್ರಮಾಣವು ನೀರಿನ ಪರೀಕ್ಷೆಯನ್ನು ಅವಲಂಬಿಸಿರುವುದರಿಂದ ಮಕ್ಕಳು ಮನೆಯಲ್ಲಿ ತಾವಾಗಿಯೇ ಇದನ್ನು ಮಾಡಬಾರದೆಂದು ತಿಳಿಸಬೇಕು. ಕುಡಿಯುವ ನೀರಿನ ಮೂಲವನ್ನು ಪರೀಕ್ಷೆ ಮಾಡಿಸಬೇಕೆಂಬ ಮಾತನ್ನು ಮಾತ್ರ ಅವರು ಮನೆಗೆ ಅವಶ್ಯವಾಗಿ ಒಯ್ಯಲಿ.

ಮೌಲ್ಯಮಾಪನ

1. 'ಉಪ್ಪು ಕರಗಿತು', 'ಬೆಣ್ಣೆ ಕರಗಿತು': ಈ ಎರಡು ವಾಕ್ಯಗಳನ್ನು ವೈಜ್ಞಾನಿಕ ಪದಗಳಿಂದ ತಿದ್ದಿ ಬರೆಯಿರಿ. ಪ್ರತಿಯೊಂದರಲ್ಲಿ ಯಾವ ಕಣಗಳು ಬೇರ್ಪಟ್ಟವು?
2. ಒಂದು ಬಿಳಿಯ ಪುಡಿ ನೀರಿನಲ್ಲಿ ವಿಲೀನವಾಗುತ್ತದೆ, ದ್ರಾವಣ ವಿದ್ಯುತ್ತನ್ನು ಒಯ್ಯುವುದಿಲ್ಲ, ಕಾಯಿಸಿದರೆ ಕರಿಕಾಗುತ್ತದೆ. ಅದು ಯಾವ ಬಗೆಯ ಸಂಯುಕ್ತ? ಕಾರಣ ಕೊಡಿ.
3. ಮರಳು ಮತ್ತು ಮೇಣ ಎರಡರಲ್ಲಿಯೂ ಸಹವೇಲೆನ್ಸಿ ಬಂಧಗಳಿವೆ. ದ್ರವೀಭವನ ಬಿಂದುಗಳಲ್ಲಿ ಇಷ್ಟು ಅಂತರವೇಕೆ?
4. ಒಣ ಉಪ್ಪಿನಲ್ಲಿ ಅಯಾನುಗಳಿದ್ದರೂ ಅದು ವಿದ್ಯುತ್ ವಾಹಕವಲ್ಲ. ಏಕೆ?
5. ಫ್ಲೋರೈಡ್ ಇರುವ ನೀರನ್ನು ಅರ್ಧಕ್ಕೆ ಬರುವಂತೆ ಕುದಿಸಿದರೆ ಉಳಿದ ನೀರಿನಲ್ಲಿ ಏನಾಗುತ್ತದೆ?

ಮೂರನೆಯ ಪೀರಿಯಡ್‌ನ ಕೊನೆಯಲ್ಲಿ ಪೀಠಿಕೆಯಲ್ಲಿ ಕೊಟ್ಟ ತಪ್ಪು ವಾಕ್ಯವನ್ನು ಕರಿಹಲಗೆಯ ಮೇಲೆ ಬರೆದು, ಅದರಲ್ಲಿ ಸರಿಯಾದುದು ಯಾವುದು, ತಪ್ಪಾದುದು ಯಾವುದು ಎಂದು ಕೇಳಬೇಕು. ಮೊದಲ ಅರ್ಧ ಸರಿ, ಎರಡನೆಯ ಅರ್ಧ ತಪ್ಪು, 'ಆದ್ದರಿಂದ' ಎಂಬ ಪದಕ್ಕೆ ಅಲ್ಲಿ ಸ್ಥಾನವಿಲ್ಲ ಎಂದು ಮಕ್ಕಳು ಹೇಳಿದರೆ ಪಾಠದ ಉದ್ದೇಶ ಈಡೇರಿತೆಂದು ಶಿಕ್ಷಕರು ತಿಳಿಯಬಹುದು.